ಹಿಂಬದಿ ಮನೆ, ಮೂವತ್ತೊಂದು

ಸೆಪ್ಟೆಂಬರ್ 14, ಭಾನುವಾರ

ಬಾಗಿಲಿಗೆ ಒಳಗಿನಿಂದ ಚಿಲಕ ಇದೆ. ಬೆಳಗಿನಿಂದ ಐದು ಸಲ ಹಾಕಿ ತೆಗೆದಿದ್ದೇನೆ. ಹನ್ನೆರಡನೇ ವಯಸ್ಸಿನಿಂದ ನಾನು ಮಲಗಿದ ಯಾವ ಕೋಣೆಗೂ ಒಳಚಿಲಕ ಇರಲಿಲ್ಲ. ಹಾಸ್ಟೆಲಿನಲ್ಲಿ ಅದು ನಿಯಮ. ವಾರ್ಡನ್ ಯಾವಾಗ ಬೇಕಾದರೂ ಬರಬಹುದು, ಎಂಟು ಹುಡುಗಿಯರು ಯಾವಾಗ ಬೇಕಾದರೂ ನನ್ನ ಪೆಟ್ಟಿಗೆ ತೆಗೆಯಬಹುದು.

ಈಗ ಇರುವುದು ಡಬ್ಲಿನ್ನಿನ ಕಿಲ್ಬ್ರೆನ್ ರಸ್ತೆಯ ಮೂವತ್ತೊಂದನೇ ನಂಬರ್ ಮನೆಯ ಹಿತ್ತಲಿನಲ್ಲಿ. ಮರದ ಹಲಗೆಯ ಒಂದೇ ಕೋಣೆ. ಮಂಚ, ಮೇಜು, ಎರಡು ಉರಿಯ ಒಲೆ, ಬೀರುವಿನಷ್ಟೇ ಅಗಲದ ಬಚ್ಚಲು. ಮನೆಯ ಒಡತಿ ಮಿಸೆಸ್ ಅಟ್ರಾಕ್ಟಾ ಮಲ್ವಿ ಇದನ್ನು ತಮ್ಮ ತಾಯಿಗೆಂದು ಕಟ್ಟಿಸಿದ್ದರಂತೆ. ತಾಯಿ ಫೆಬ್ರವರಿಯಲ್ಲಿ ತೀರಿಕೊಂಡರು. "ಹಾಸಿಗೆ ಹೊಸದು, ಹೆದರ್ಕೋಬೇಡ" ಎಂದರು, ನಾನು ಕೇಳುವ ಮೊದಲೇ.

ಬೇಸಿಗೆಯಿಡೀ ಅರವತ್ತು ಜನಕ್ಕೆ ಕೋಣೆ ಕೇಳಿ ಬರೆದಿದ್ದೆ. ಉತ್ತರ ಕೊಟ್ಟವರು ನಾಲ್ವರು. ಕಾಲೇಜಿನಲ್ಲಿ ನನ್ನ ತರಗತಿಯ ಒಬ್ಬ ದಿನಾ ಎರಡು ಗಂಟೆ ರೈಲಿನಲ್ಲಿ ಬರುತ್ತಾನೆ, ಇನ್ನೊಬ್ಬ ಚಿಕ್ಕಪ್ಪನ ವ್ಯಾನಿನಲ್ಲಿ ಮಲಗುತ್ತಾನೆ. ಅಮ್ಮ ರಿಯಾದಿನ ಆಸ್ಪತ್ರೆಯಲ್ಲಿ ನರ್ಸು. ಅಪ್ಪ ಇಂಗ್ಲೆಂಡಿನ ಲೀಡ್ಸಿನಲ್ಲಿ, ಹೊಸ ಹೆಂಡತಿ, ಹೊಸ ಅವಳಿ ಮಕ್ಕಳ ಜೊತೆ. "ಸೋಫಾ ಇದೆ, ಯಾವಾಗ ಬೇಕಾದ್ರೂ ಬಾ ಕ್ಲೋಡಾ" ಎನ್ನುತ್ತಾರೆ. ಯಾವಾಗ ಎಂದು ಕೇಳಿದರೆ ಮಾತು ಬದಲಿಸುತ್ತಾರೆ.

ಕಿಟಕಿ ಒಂದೇ. ಪಕ್ಕದ ಮನೆಯ ಗೋಡೆಯ ಕಡೆಗೆ, ನನ್ನ ದಿಂಬಿನ ಮೇಲೆ. ಬೆಳಿಗ್ಗೆ ಬಿಸಿಲು ಗೋಡೆ ಹತ್ತಿ ಒಳಗೆ ಬಂತು. ಎದ್ದು ಕೂತೆ, ಅಳು ಬಂತು. ಕಾರಣ ಗೊತ್ತಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಪಕ್ಕದ ಮನೆಯವರು ಡೋನಲ್ ಕ್ವಿರ್ಕ್. ನಿವೃತ್ತ ಪೋಸ್ಟ್‌ಮನ್, ಹೆಂಡತಿ ಇಲ್ಲ. ನಾನು ಬಟ್ಟೆ ಒಣಹಾಕುತ್ತಿದ್ದಾಗ ಗೋಡೆಯ ಮೇಲೆ ತಲೆ ಕಾಣಿಸಿತು. ಯಾವ ಊರು ಎಂದು ಕೇಳಿದರು. ಅಪ್ಪ ಇಂಗ್ಲೆಂಡಿನವರು, ಅಮ್ಮ ಇಲ್ಲಿಯವರೇ, ರಾಸ್‌ಕಾಮನ್ ಕಡೆಯವರು ಎಂದೆ. ನನ್ನ ಉಚ್ಚಾರಣೆ ಕೇಳಿ ಅವರ ಹುಬ್ಬು ಮೇಲೆದ್ದಿತು.

"ಓಹೋ, ದೊರೆಸಾನಿ! ನೀವು ಇಂಗ್ಲಿಷ್‌ನೋರು ಎಂಟುನೂರು ವರ್ಷ ನಮ್ಮ ನೆಲದಲ್ಲಿ ಇದ್ರಿ. ಬಾಡಿಗೆ ಕೊಡ್ತಿರೋದು ಇದೇ ಮೊದಲಲ್ವಾ?"

ಹೇಳಿ ತಾವೇ ನಕ್ಕರು. ನಾನು "ಕ್ಷಮಿಸಿ" ಎಂದೆ. ಯಾಕೆ ಎಂದೆ? ಸಂಜೆಯವರೆಗೆ ಐದು ಉತ್ತರ ಹೊಳೆದವು, ಒಂದಕ್ಕಿಂತ ಒಂದು ಚೂಪು. ಹಾಸ್ಟೆಲಿನಲ್ಲೂ ಹೀಗೇ. ಊಟದ ಮೇಜಿನಲ್ಲಿ ಅವರು ನನ್ನನ್ನು "ರಾಣಿ" ಎಂದು ಕರೆದು ಬಗ್ಗಿ ನಮಸ್ಕರಿಸಿದಾಗ ನಕ್ಕುಬಿಡುತ್ತಿದ್ದೆ. ಮಲಗಿದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಶಿಕ್ಷೆ ಗೊತ್ತುಮಾಡುತ್ತಿದ್ದೆ. ಒಂದೂ ಜಾರಿಯಾಗಲಿಲ್ಲ.

ಅಕ್ಟೋಬರ್ 3, ಶುಕ್ರವಾರ

ಕ್ವಿರ್ಕ್ ಅವರ ಗೇಟಿಗೆ ಪ್ಲಾಸ್ಟಿಕ್ ಹೊದಿಸಿದ ನೋಟಿಸ್ ಕಟ್ಟಿದ್ದಾರೆ. ಹಿತ್ತಲಿನಲ್ಲಿ ಕುಟುಂಬದವರ ವಾಸಕ್ಕಾಗಿ ಒಂದು ಮನೆ ಕಟ್ಟಲು ನಗರದ ಕೌನ್ಸಿಲಿಗೆ ಅರ್ಜಿ ಹಾಕಿದ್ದಾರಂತೆ. ನಮ್ಮ ಗೋಡೆಗೆ ಒತ್ತಿಕೊಂಡು, ಒಂಬತ್ತು ಮೀಟರ್ ಉದ್ದ.

ರಸ್ತೆಯವರೆಲ್ಲ ಒಬ್ಬೊಬ್ಬರಾಗಿ ಅಲ್ಲಿ ನಿಲ್ಲುತ್ತಿದ್ದಾರೆ. ಶೂ ಲೇಸ್ ಕಟ್ಟುವ ನೆಪ, ನಾಯಿ ನಿಂತುಬಿಟ್ಟಿತು ಎಂಬ ನೆಪ. ಮಿಸೆಸ್ ಮಲ್ವಿ ಆಲೂಗಡ್ಡೆಯ ಚೀಲ ಕೈ ಬದಲಾಯಿಸುವ ನೆಪದಲ್ಲಿ ಪೂರ್ತಿ ಓದಿದರು.

"ಎಲ್ಲರೂ ಓದ್ತಾರೆ, ಯಾರೂ ಓದಿಲ್ಲ ಅಂತಾರೆ" ಎಂದರು ಒಳಗೆ ಬಂದ ಮೇಲೆ. ಐದು ವಾರದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದಂತೆ. ಹೆಸರು, ವಿಳಾಸ ಇರಲೇಬೇಕು. ಬರೆದದ್ದನ್ನು ಕೌನ್ಸಿಲಿನವರು ಕಂಪ್ಯೂಟರಿಗೆ ಹಾಕುತ್ತಾರೆ, ಊರೇ ಓದಬಹುದು. ನೀವೂ ಹೀಗೆ ನೋಟಿಸ್ ಕಟ್ಟಿದ್ದಿರಾ ಎಂದು ಕೇಳಿದೆ. ಅವರು ಆಲೂಗಡ್ಡೆ ತೊಳೆಯುತ್ತಲೇ ಇದ್ದರು. "ನಾನು ಯಾರನ್ನೂ ಕೇಳ್ಲಿಲ್ಲ ಮಗಳೇ. ನಮ್ಮಮ್ಮನ ಹತ್ರ ಅಷ್ಟು ಟೈಮ್ ಇರ್ಲಿಲ್ಲ."

ಅಂದರೆ ನಾನು ಮಲಗುವ ಕೋಣೆಗೆ ಅನುಮತಿ ಇಲ್ಲ.

ಕ್ವಿರ್ಕ್ ಅವರಿಗೂ ಇವರಿಗೂ ಎರಡು ವರ್ಷದಿಂದ ಮಾತಿಲ್ಲ. ಕ್ವಿರ್ಕ್ ಇವರ ಚೆರ್ರಿ ಮರದ ಕೊಂಬೆಯನ್ನು ಕೇಳದೆ ಕಡಿದರಂತೆ.

ಅಕ್ಟೋಬರ್ 16, ಗುರುವಾರ

ಪ್ರಯೋಗಾಲಯಕ್ಕೆ ಹೋಗಲಿಲ್ಲ. ಬಾಗಿಲವರೆಗೆ ಹೋದೆ, ಚಿಲಕ ಮತ್ತೆ ಹಾಕಿ ವಾಪಸ್ ಬಂದೆ.

ಹನ್ನೊಂದು ಗಂಟೆಗೆ ಪಕ್ಕದ ಹಿತ್ತಲಿನಲ್ಲಿ ಮಾತು. ನೀಲಿ ಜಾಕೆಟಿನ ಒಬ್ಬ ಮನುಷ್ಯ, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಕ್ವಿರ್ಕ್ ನಮ್ಮ ಕಡೆಗೆ ಬೆರಳು ಮಾಡಿ ಏನೋ ತೋರಿಸುತ್ತಿದ್ದಾರೆ. ಆ ಮನುಷ್ಯ ಗೋಡೆಯ ಮೇಲಿಂದ ನೋಡಿದ. ನನ್ನ ಟವೆಲು, ಒಳ ಉಡುಪು ತಂತಿಯ ಮೇಲಿದ್ದವು. ಪರದೆ ತೆರೆದಿತ್ತು. ಫೋನ್ ಎತ್ತಿ ಫೋಟೋ ತೆಗೆದ. ನಾನು ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟೆ. ಅವರು ಹೋದ ಮೇಲೂ ಅರ್ಧ ಗಂಟೆ ಏಳಲಿಲ್ಲ.

ಅಕ್ಟೋಬರ್ 23, ಗುರುವಾರ

ಬಟ್ಟೆ ಒಗೆಯಲು ಮಿಸೆಸ್ ಮಲ್ವಿಯವರ ಅಡುಗೆಮನೆಗೆ ಹೋದೆ. ಅವರು ಮಹಡಿಯ ಮೇಲಿದ್ದರು. ಮೇಜಿನ ಮೇಲೆ ಕೌನ್ಸಿಲಿನ ಕಾಗದ ಬಿಚ್ಚಿಯೇ ಇತ್ತು. ಬೇರೆಯವರ ಕಾಗದ ಓದಬಾರದು. ಓದಿದೆ.

"ಮನೆಯ ಹಿಂಭಾಗದ ಕಟ್ಟಡವನ್ನು ಅನುಮತಿಯಿಲ್ಲದೆ ಪ್ರತ್ಯೇಕ ವಾಸಕ್ಕೆ ಬಳಸುತ್ತಿರುವಂತೆ ತೋರುತ್ತದೆ. ನಾಲ್ಕು ವಾರಗಳೊಳಗೆ ಉತ್ತರಿಸತಕ್ಕದ್ದು." ಕೊನೆಯಲ್ಲಿ, ಕಟ್ಟಡ ತೆಗೆಸುವ ಮಾತು.

ಅವರು ಇಳಿದು ಬಂದರು, ಕಾಗದವನ್ನು ಬ್ರೆಡ್ ಡಬ್ಬಿಯ ಕೆಳಗೆ ಸರಿಸಿದರು. ಏನದು ಎಂದೆ. "ಏನಿಲ್ಲ ಪುಟ್ಟಾ. ನೀರಿನವರದ್ದು."

ನನಗೆ ಸುಳ್ಳು ಹೇಳಿದರು. ಆದರೆ ಸಿಟ್ಟು ಅವರ ಮೇಲೆ ಬರಲಿಲ್ಲ. ಕ್ವಿರ್ಕ್ ಮೇಲೆ ಬಂತು. ನಗುತ್ತ ಬೆರಳು ತೋರಿಸಿದವನ ಮೇಲೆ. ತನ್ನ ಹಿತ್ತಲಿನಲ್ಲಿ ಮನೆ ಏಳಬೇಕು, ಪಕ್ಕದ್ದು ಬೀಳಬೇಕು.

ಇನ್ನು ಅವನನ್ನು "ಅವರು" ಎಂದು ಬರೆಯುವುದಿಲ್ಲ.

ಅಕ್ಟೋಬರ್ 24, ಶುಕ್ರವಾರ

ಆಕ್ಷೇಪಣೆಗೆ ಕೊನೆಯ ದಿನ ನವೆಂಬರ್ 6. ಗೇಟಿನ ಮುಂದೆ ನಿಂತು ನೋಡಿಕೊಂಡು ಬಂದೆ. ಯಾವ ನೆಪವನ್ನೂ ಮಾಡಲಿಲ್ಲ.

ಅಕ್ಟೋಬರ್ 28, ಮಂಗಳವಾರ

ಅವನ ನಕ್ಷೆ ಕೌನ್ಸಿಲಿನ ಜಾಲತಾಣದಲ್ಲೇ ಇದೆ. ಕಾಲೇಜಿನ ಗ್ರಂಥಾಲಯದಲ್ಲಿ ದೊಡ್ಡ ಹಾಳೆಯ ಮೇಲೆ ಮುದ್ರಿಸಿಕೊಂಡೆ. ಯಂತ್ರ ಕೆಟ್ಟಿತ್ತು. ಕೌಂಟರಿಗೆ ಹೋಗಿ ಸರಿಮಾಡಿಕೊಡಿ ಎಂದು ಕೇಳಿದೆ, ಅವರು ನಾಳೆ ಬಾ ಎಂದರು, ಇವತ್ತೇ ಬೇಕು ಎಂದೆ. ಮಾಡಿಕೊಟ್ಟರು.

ಮಧ್ಯಾಹ್ನ ಪೊರಕೆಯ ಕೋಲಿನಿಂದ ಗೋಡೆ ಅಳೆದೆ, ಕಿಟಕಿಯ ಎತ್ತರ ಅಳೆದೆ. ಸೂರ್ಯನ ಎತ್ತರದ ಲೆಕ್ಕ ಭೌತಶಾಸ್ತ್ರದ ಮೊದಲ ತಿಂಗಳ ಪಾಠವೇ. ಅವನ ಸೂರಿನ ತುದಿ ನನ್ನ ಕಿಟಕಿಯ ಎದುರಿಗೆ ಬರುತ್ತದೆ. ಅಕ್ಟೋಬರ್ ಮೊದಲ ವಾರದಿಂದ ಮಾರ್ಚ್ ಮೊದಲ ವಾರದವರೆಗೆ ನನಗೆ ಬಿಸಿಲೇ ಇಲ್ಲ. ಅಷ್ಟೂ ತಿಂಗಳು ದಿಂಬಿನ ಮೇಲೆ ಕತ್ತಲೆ.

ಎಷ್ಟು ಚೆಂದದ ಲೆಕ್ಕ. ಮೂರು ಬಾರಿ ಮಾಡಿದೆ, ಮೂರು ಬಾರಿಯೂ ಅದೇ ಉತ್ತರ. ಮಿಸೆಸ್ ಮಲ್ವಿ ಕೊಟ್ಟ ಸ್ಟ್ಯೂ ಎರಡು ತಟ್ಟೆ ತಿಂದೆ. ಚೆನ್ನಾಗಿ ನಿದ್ದೆ ಬಂತು.

ಅಕ್ಟೋಬರ್ 31, ಶುಕ್ರವಾರ

ಹ್ಯಾಲೋವೀನ್. ಅವನು ಗೋಡೆಯ ಮೇಲಿಂದ ಒಂದು ಪೊಟ್ಟಣ ನೀಡಿದ. ದ್ರಾಕ್ಷಿ ಹಾಕಿದ ಹಬ್ಬದ ಬ್ರೆಡ್ಡು, ಒಳಗೆಲ್ಲೋ ಉಂಗುರ ಅಡಗಿಸಿರುವಂಥದು.

"ದೊರೆಸಾನಿಯವ್ರಿಗೆ. ನೋಡ್ಕೊಂಡು ತಿನ್ನಿ, ಹಲ್ಲು ಮುರಿದ್ರೆ ಆಮೇಲೆ ಬ್ರಿಟಿಷ್ ಸೈನ್ಯ ಬರುತ್ತೆ."

ನಾನು ನಕ್ಕೆ. ಸಲೀಸಾಗಿ ನಗಲು ಬಂತು. ಥ್ಯಾಂಕ್ಸ್ ಎಂದೆ, ಕುಟುಂಬದವರಿಗೆಂದು ಮನೆ ಕಟ್ಟಿಸುತ್ತಿದ್ದೀರಂತಲ್ಲ, ಸಂತೋಷ ಎಂದೆ. ಅವನ ಮುಖ ಒಂದು ಗಳಿಗೆ ಅರಳಿತು, "ಆಗ್ಲಿ, ದೇವ್ರು ದೊಡ್ಡವ್ನು" ಎಂದ. ನನಗೆ ಒಳಗೊಳಗೇ ಎಂಥ ಖುಷಿ! ಎದುರಿಗೆ ನಿಂತಿರುವವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿರುವುದು ಇದೇ ಮೊದಲು. ಹಾಸ್ಟೆಲಿನಲ್ಲಿ ಯಾವಾಗಲೂ ಉಳಿದವರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರುತ್ತಿರಲಿಲ್ಲ.

ಬ್ರೆಡ್ಡನ್ನು ಹಕ್ಕಿಗಳಿಗೆ ಹಾಕಿದೆ. ಉಂಗುರ ಸಿಗಲಿಲ್ಲ. ಹುಡುಕಲೂ ಇಲ್ಲ.

ನವೆಂಬರ್ 4, ಮಂಗಳವಾರ

ಆಕ್ಷೇಪಣೆ ಕೊಟ್ಟು ಬಂದೆ. ಅಂಚೆಯಲ್ಲಿ ಅಲ್ಲ, ನಾನೇ ಕಚೇರಿಗೆ ಹೋಗಿ, ಸಾಲಿನಲ್ಲಿ ನಿಂತು.

ವಿಳಾಸದ ಜಾಗದಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು. ಲೀಡ್ಸಿನದು ಬರೆದರೆ ಅಲ್ಲಿನ ಹುಡುಗಿಗೆ ಇಲ್ಲಿನ ಬಿಸಿಲು ಯಾಕೆ ಎನ್ನುತ್ತಾರೆ. ಬರೀ ಮೂವತ್ತೊಂದು ಎಂದರೆ ಮಿಸೆಸ್ ಮಲ್ವಿಯವರ ಮುಂಬದಿ ಮನೆಗೆ ನೆರಳೇ ಬೀಳುವುದಿಲ್ಲ. ಇಲ್ಲಿ ಯಾರೋ ಇದ್ದಾರೆಂದು ಕೌನ್ಸಿಲಿಗೆ ಹೇಗೂ ಗೊತ್ತಾಗಿದೆ, ಕಾಗದದಲ್ಲೇ ಹಾಗೆಂದು ಬರೆದಿದ್ದಾರಲ್ಲ. ಬರೆದೆ:

"ಕ್ಲೋಡಾ ಪೆಂಬರ್ಟನ್, ಹಿಂಬದಿ ಮನೆ, 31, ಕಿಲ್ಬ್ರೆನ್ ರಸ್ತೆ. ನಾನು ಮೇಲಿನ ವಿಳಾಸದಲ್ಲಿ ವಾಸವಾಗಿದ್ದೇನೆ. ನನ್ನ ವಾಸದ ಏಕೈಕ ಕಿಟಕಿಯು..."

ಬರೆದು ತುಂಬ ಹೊತ್ತು ನೋಡಿದೆ. ಇಲ್ಲಿಯವರೆಗೆ ನನ್ನ ವಿಳಾಸವೆಲ್ಲ ಬೇರೆಯವರ ಮೂಲಕವೇ. ಹೆಡ್‌ಮಿಸ್ಟ್ರೆಸ್ ಮೂಲಕ, ಅಮ್ಮನ ಆಸ್ಪತ್ರೆಯ ಮೂಲಕ, ಅಪ್ಪನ ಹೆಂಡತಿಯ ಮೂಲಕ. ಇದು ಯಾರ ಮೂಲಕವೂ ಅಲ್ಲ. ಕೌಂಟರಿನ ಹುಡುಗ ಮುದ್ರೆ ಒತ್ತಿದ.

ನವೆಂಬರ್ 8, ಶನಿವಾರ

ಸ್ವೀಕೃತಿ ಪತ್ರ ಬಂತು, ನನ್ನ ಹೆಸರಿಗೆ, ಆ ವಿಳಾಸಕ್ಕೆ. ಪೋಸ್ಟ್‌ಮನ್ ಹಿತ್ತಲಿನವರೆಗೂ ಬಂದು ಕೊಟ್ಟ. ಮಿಸೆಸ್ ಮಲ್ವಿ ಮಾರ್ಕೆಟ್ಟಿಗೆ ಹೋಗಿದ್ದರು, ಒಳ್ಳೆಯದಾಯಿತು.

ಗುರುವಾರ ತರಗತಿಯಲ್ಲಿ ನೆರಳಿನ ಲೆಕ್ಕವನ್ನೇ ಉದಾಹರಣೆಯಾಗಿ ಬೋರ್ಡಿನ ಮೇಲೆ ಮಾಡಿ ತೋರಿಸಿದೆ. ನಲವತ್ತು ಜನದೆದುರು. ಅಧ್ಯಾಪಕರು ಹೆಸರು ಕೇಳಿದರು. ಯಾವಾಗಿನಿಂದ ನಾನು ಹೀಗಾದೆನೋ. ಅಮ್ಮ ಕಳಿಸಿದ ವಿಟಮಿನ್ ಗುಳಿಗೆಯ ಪ್ರಭಾವ ಇರಬೇಕು.

ನವೆಂಬರ್ 16, ಭಾನುವಾರ

ಪಕ್ಕದ ಮನೆಯ ಬಚ್ಚಲಿನಿಂದ ಮಗುವಿನ ಹಾಡು. ಆಮೇಲೆ ಆರು ವರ್ಷದ ಒಬ್ಬ ಹುಡುಗಿ ಒದ್ದೆ ತಲೆಯಲ್ಲಿ ಹಿತ್ತಲಿಗೆ ಓಡಿ ಬಂದಳು, ಅವನು ಟವೆಲು ಹಿಡಿದು ಹಿಂದೆ. ಅವಳ ತಾಯಿ ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದುತ್ತಿದ್ದಳು. ನನ್ನನ್ನು ಕಂಡು ಕೈ ಎತ್ತಿದಳು. ನಾನೂ ಎತ್ತಿದೆ.

ಮಿಸೆಸ್ ಮಲ್ವಿ ಹೇಳಿದ್ದು: ಆಕೆ ಗ್ರೋನ್ಯ, ಅವನ ಮಗಳು. ಮಗುವಿನ ಹೆಸರು ಕೀರಾ. ಬಾಡಿಗೆಗಿದ್ದ ಮನೆಯನ್ನು ಮಾಲೀಕ ಮಾರಿದ ಮೇಲೆ ಏಪ್ರಿಲಿನಿಂದ ವಿಮಾನ ನಿಲ್ದಾಣದ ಹತ್ತಿರ ಹೋಟೆಲಿನ ಒಂದು ಕೋಣೆಯಲ್ಲಿ ಇಬ್ಬರೂ ಇದ್ದಾರೆ. ಸರ್ಕಾರದ ಲೆಕ್ಕದಲ್ಲಿ. ಅಲ್ಲಿ ಅಡುಗೆ ಮಾಡುವಂತಿಲ್ಲ. ಹುಡುಗಿ ಇಸ್ತ್ರಿ ಹಲಗೆಯ ಮೇಲೆ ಪುಸ್ತಕ ಇಟ್ಟು ಹೋಂವರ್ಕ್ ಮಾಡುತ್ತಾಳೆ. ಇಲ್ಲಿಗೇ ಬಂದಿರಬಾರದೇ ಎಂದೆ. ಅವನ ಮನೆಯಲ್ಲಿರುವುದು ಎರಡು ಕೋಣೆ, ಒಂದರಲ್ಲಿ ಹಾಸಿಗೆ ಹಿಡಿದ ಅಣ್ಣ.

ನನಗೆ ಇದು ಗೊತ್ತಿರಲಿಲ್ಲ.

ಗೊತ್ತಿದ್ದರೂ ಬರೆಯುತ್ತಿದ್ದೆ. ಬರೆದು ನೋಡಿದೆ, ಸುಳ್ಳು ಎನಿಸುತ್ತಿಲ್ಲ. ಅವನ ಮೊಮ್ಮಗಳಿಗೆ ಮನೆ ಇಲ್ಲವಾದರೆ ನನಗಿರುವುದನ್ನು ಕಿತ್ತುಕೊಳ್ಳಬೇಕೇ? ಬೆರಳು ತೋರಿಸುವಾಗ ಅವನು ನನ್ನ ಬಗ್ಗೆ ಯಾರನ್ನಾದರೂ ವಿಚಾರಿಸಿದ್ದನೇ?

ನವೆಂಬರ್ 19, ಬುಧವಾರ

ಮಿಸೆಸ್ ಮಲ್ವಿ ಕರೆದರು. ಅಡುಗೆಮನೆಯ ಮೇಜಿನ ಮೇಲೆ ಟ್ಯಾಬ್ಲೆಟ್ ತೆರೆದಿತ್ತು. ಪರದೆಯ ಮೇಲೆ ನನ್ನ ಅಕ್ಷರ, ನನ್ನ ಸಹಿ, ನನ್ನ ನೆರಳಿನ ಚಿತ್ರ. ಅವರು ಮೊದಲು ಟೀ ಮಾಡಿದರು. ಹಾಲು ಹಾಕಿದರು, ಬಿಸ್ಕತ್ತಿನ ತಟ್ಟೆ ಇಟ್ಟರು. ಆಮೇಲೆ ಕೂತರು.

"ನಿನ್ನ ಅಕ್ಷರ ಮುತ್ತಿನ ಹಾಗಿದೆ" ಎಂದರು.

ನಾನು ಅವರ ಪರವಾಗಿಯೇ ಮಾಡಿದ್ದು ಎಂದೆ. ಕೌನ್ಸಿಲಿನ ಕಾಗದ ಓದಿದ್ದು, ಕ್ವಿರ್ಕ್ ಬೆರಳು ತೋರಿಸಿದ್ದು, ನೀಲಿ ಜಾಕೆಟ್ಟು, ಫೋಟೋ ಎಲ್ಲ ಹೇಳಿದೆ. ಅವರು ತಡೆಯದೆ ಕೇಳಿದರು. ನೀಲಿ ಜಾಕೆಟ್ಟಿನವನು ಕೌನ್ಸಿಲಿನವನೇ, ಆದರೆ ಬಂದದ್ದು ಡೋನಲ್‌ನ ಅರ್ಜಿಗಾಗಿ ಜಾಗ ನೋಡಲು ಎಂದರು. ಡೋನಲ್ ತೋರಿಸುತ್ತಿದ್ದದ್ದು ಗೋಡೆಯಡಿಯ ಚರಂಡಿ ಮುಚ್ಚಳ. ಆ ಮನುಷ್ಯನಿಗೆ ಕಣ್ಣಿತ್ತು, ತಂತಿಯ ಮೇಲೆ ಬಟ್ಟೆ ಕಂಡ, ಪರದೆ ಕಂಡ, ಬರೆದುಕೊಂಡ. ಯಾರೂ ದೂರು ಕೊಟ್ಟಿಲ್ಲ.

"ಕಾಗದ ಬಂದ ದಿನಾನೇ, ಪೋಸ್ಟ್‌ಮನ್ ಕೈಲಿ ಕೌನ್ಸಿಲ್ ಲಕೋಟೆ ನೋಡಿ, ಡೋನಲ್ ನಮ್ಮ ಬಾಗಿಲಿಗೆ ಬಂದ. ಎರಡು ವರ್ಷ ಆದ್ಮೇಲೆ. 'ನನ್ನಿಂದ ನಿನಗೆ ಹೀಗಾಯ್ತು ಅಟ್ರಾಕ್ಟಾ' ಅಂದ. ಇಬ್ಬರೂ ಇದೇ ಮೇಜಲ್ಲಿ ಕೂತು ಉತ್ತರ ಬರೆದ್ವಿ. ಅದು ನಮ್ಮಮ್ಮ ಕೂತ್ಕೋತಿದ್ದ ಕೋಣೆ, ಈಗ ಸಾಮಾನು ಇಟ್ಟಿದೀವಿ, ಯಾರೂ ವಾಸ ಇಲ್ಲ ಅಂತ. ಡೋನಲ್ ಪಕ್ಕದ ಮನೆಯವನು ಅಂತ ಸಾಕ್ಷಿ ಹಾಕ್ದ. ಅಷ್ಟು ಸಾಕಾಗಿತ್ತು. ಅವರೂ ಫೈಲ್ ಮುಚ್ಚೋಕೇ ಕಾಯ್ತಿರ್ತಾರೆ."

ಪರದೆಯ ಮೇಲೆ ಒಂದು ಸಾಲಿಗೆ ಬೆರಳಿಟ್ಟರು. ನಾನು ಮೇಲಿನ ವಿಳಾಸದಲ್ಲಿ ವಾಸವಾಗಿದ್ದೇನೆ.

ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಏರಿತ್ತು.

"ಬಾಗಿಲು ತಟ್ಟಿದ್ರೆ ಬೆಚ್ಚಿಬೀಳೋ ಹುಡುಗಿಗೆ ಇದನ್ನೆಲ್ಲ ಹೇಗೆ ಹೇಳೋದು? ರಾತ್ರಿಯೆಲ್ಲ ಎದ್ದು ಕೂತಿರ್ತಿದ್ದೆ ನೀನು."

ಬಿಸ್ಕತ್ತು ಯಾರೂ ಮುಟ್ಟಲಿಲ್ಲ. ಕ್ರಿಸ್‌ಮಸ್‌ವರೆಗೆ ಇರು, ಆಮೇಲೆ ನನಗೆ ಇಟ್ಟುಕೊಳ್ಳಲು ಆಗುವುದಿಲ್ಲ ಎಂದರು. ಮನೆಯೊಳಗೆ ಒಂದು ಕೋಣೆ ಖಾಲಿ ಇದೆಯಲ್ಲ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಏಳುವಾಗ ಒಂದೇ ಮಾತು ಹೇಳಿದರು: "ನಂದು ಹೋಯ್ತು. ಅವನದ್ದಾದ್ರೂ ಉಳೀಲಿ. ಆಕ್ಷೇಪಣೆ ವಾಪಸ್ ತಗೊಂಡಿದೀನಿ ಅಂತ ಒಂದು ಸಾಲು ಬರೆದು ಕಳಿಸ್ಬಿಡು."

ನವೆಂಬರ್ 20, ಗುರುವಾರ

ಸಂಜೆ ಬಾಗಿಲು ತಟ್ಟಿದ ಸದ್ದು. ತೆಗೆದೆ. ಕ್ವಿರ್ಕ್. ಟೋಪಿ ಕೈಯಲ್ಲಿತ್ತು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಕಾಗದ ಓದಿದೆ. ಲೆಕ್ಕ ಸರಿ ಇದೆ" ಎಂದರು.

ನೀವು ದೂರು ಕೊಟ್ಟಿರಿ ಎಂದುಕೊಂಡಿದ್ದೆ ಎಂದು ಹೇಳಿದೆ.

"ಮೂವತ್ತೆಂಟು ವರ್ಷ ಈ ಬೀದೀಲಿ ಅಂಚೆ ಹಂಚಿದೀನಿ ಕಣಮ್ಮ. ಯಾರಿಗೆ ಜೈಲಲ್ಲಿರೋ ಮಗನ ಕಾಗದ ಬರುತ್ತೆ, ಯಾರಿಗೆ ಕೋರ್ಟಿಂದ ಬರುತ್ತೆ, ಎಲ್ಲ ಗೊತ್ತಿತ್ತು. ಒಬ್ಬರ ವಿಷ್ಯ ಇನ್ನೊಬ್ಬರಿಗೆ ಹೇಳಿಲ್ಲ. ನೀನು ಬರೆದಿದ್ದರಲ್ಲಿ ಸುಳ್ಳೇನೂ ಇಲ್ಲ. ಸುಳ್ಳು ಬರೆದವನು ನಾನು. ಅದಕ್ಕೇ ಮಾತಾಡೋಕೆ ನಂಗೆ ಮುಖ ಇಲ್ಲ."

ವಾಪಸ್ ತೆಗೆದುಕೊಳ್ಳಲೇ ಎಂದು ಕೇಳಿದೆ. ಅವರು ಟೋಪಿ ಹಾಕಿಕೊಂಡರು. ನಾನೇನೂ ಕೇಳೋಕೆ ಬಂದಿಲ್ಲ ಎಂದು ಹೇಳಿ ಹೋದರು.

ಅವರು ನನ್ನನ್ನು ಬೈಯಬೇಕಿತ್ತು. ದೊರೆಸಾನಿ ಎನ್ನಬೇಕಿತ್ತು, ನಿಮ್ಮ ಜನವೇ ಹೀಗೆ, ಬೇರೆಯವರ ನೆಲದಲ್ಲಿ ಕೂತು ಅರ್ಜಿ ಬರೆಯುತ್ತೀರಿ ಎನ್ನಬೇಕಿತ್ತು. ಅದಕ್ಕೆ ನನ್ನ ಬಳಿ ಉತ್ತರಗಳಿದ್ದವು.

ನವೆಂಬರ್ 21, ಶುಕ್ರವಾರ

ಬರೆದೆ. ಎರಡು ಸಾಲು. ಈಮೇಲ್ ಸಿದ್ಧವಾಗಿದೆ. ಕಳಿಸಿಲ್ಲ. ತೀರ್ಪು ಬರುವುದು 27ಕ್ಕೆ. ಕಳಿಸುತ್ತೇನೆ.

ನವೆಂಬರ್ 23, ಭಾನುವಾರ

ಊರಿನ ಆ ತುದಿಯಲ್ಲಿ ಒಂದು ಕೋಣೆ ಇದೆ ಎಂದು ನೋಡಲು ಹೋದೆ. ಮೆಟ್ಟಿಲಿನಿಂದ ಬಸ್ ನಿಲ್ದಾಣದವರೆಗೆ ಸಾಲು. ಒಳಗೆ ಹೋಗಲು ಒಂದೂವರೆ ಗಂಟೆ ಹಿಡಿಯಿತು. ಕೋಣೆಯಲ್ಲಿ ಎರಡು ಅಂತಸ್ತಿನ ಮಂಚಗಳು ಮೂರು, ಖಾಲಿ ಇದ್ದದ್ದು ಒಂದು ಮೇಲಿನ ಹಲಗೆ. ಬಾಗಿಲಿಗೆ ಚಿಲಕ ಇರಲಿಲ್ಲ. ತೋರಿಸಿದ ಹೆಂಗಸು ನಿನ್ನ ತಂದೆತಾಯಿ ಯಾರಾದರೂ ಜವಾಬ್ದಾರಿ ಹೊರುತ್ತಾರಾ ಎಂದು ಕೇಳಿದಳು. ಅಪ್ಪನಿಗೆ ಫೋನ್ ಮಾಡಿದೆ. ಅವಳಿಗಳಲ್ಲಿ ಒಂದಕ್ಕೆ ಜ್ವರವಂತೆ, ಆಮೇಲೆ ಮಾಡುತ್ತೇನೆ ಎಂದರು. ಸಾಲಿನಲ್ಲಿ ನನ್ನ ಹಿಂದೆ ಇದ್ದವನಿಗೆ ಆ ಹಲಗೆ ಸಿಕ್ಕಿತು.

ವಾಪಸ್ ಬರುವಾಗ ಕ್ವಿರ್ಕ್ ಅವರ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಮೂವರೂ ಮೇಜಿನ ಸುತ್ತ. ಗ್ರೋನ್ಯ ಮಾಂಸ ಕತ್ತರಿಸುತ್ತಿದ್ದಳು, ಹುಡುಗಿ ಬಾಯಿ ತೆರೆದುಕೊಂಡು ಏನೋ ಕಥೆ ಹೇಳುತ್ತಿದ್ದಳು, ಮುದುಕ ತಟ್ಟೆಯ ಮೇಲೆ ಬಾಗಿ ನಗುತ್ತಿದ್ದ. ನಾನು ರಸ್ತೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಅವರಿಗೆ ಅಡುಗೆಮನೆ ಇದೆ, ಭಾನುವಾರಕ್ಕಾದರೂ. ನನಗೆ ಭಾನುವಾರವೂ ಇಲ್ಲ. ಇನ್ನೊಂದು ತಿಂಗಳಿಗೆ ಈ ಕೋಣೆಯೂ ಇಲ್ಲ. ನಾನು ಆ ಎರಡು ಸಾಲು ಕಳಿಸಿದರೆ ಅವರು ಇಲ್ಲಿಗೆ ಬರುತ್ತಾರೆ, ಪ್ರತಿ ದಿನ ಭಾನುವಾರ ಮಾಡಿಕೊಳ್ಳುತ್ತಾರೆ. ನನ್ನನ್ನು ನೆನಪಿಸಿಕೊಂಡು ಒಳ್ಳೆಯ ಹುಡುಗಿ ಎನ್ನುತ್ತಾರೆ. ನಾನು ಎಲ್ಲಿದ್ದೇನೆಂದು ಯಾರೂ ಕೇಳುವುದಿಲ್ಲ.

ಒಳಗೆ ಬಂದು ಈಮೇಲ್ ಅಳಿಸಿದೆ.

ದೂರು ಕೊಟ್ಟವನು ಅವನಲ್ಲ, ಗೊತ್ತು. ಆದರೆ ಸಿಟ್ಟಿಗೆ ಅದು ಗೊತ್ತಿಲ್ಲ. ಅದು ಒಂದು ತಿಂಗಳು ಅವನ ಹೆಸರಿನ ಮೇಲೇ ಬೆಳೆದಿದೆ, ಈಗ ಬೇರೆ ಎಲ್ಲಿಗೆ ಹೋಗಬೇಕು?

ನವೆಂಬರ್ 27, ಗುರುವಾರ

ತೀರ್ಪು ಬಂತು. ಕ್ವಿರ್ಕ್ ಅವರಿಗೆ ಅನುಮತಿ ಸಿಕ್ಕಿದೆ, ಒಂದು ಷರತ್ತಿನ ಮೇಲೆ. "ಹಿಂಬದಿ ಮನೆ, 31ರ ನಿವಾಸಿಯ ಏಕೈಕ ಕಿಟಕಿಯ ಬೆಳಕನ್ನು ಕಾಪಾಡುವ ಸಲುವಾಗಿ" ಕಟ್ಟಡವನ್ನು ಆ ತುದಿಯಲ್ಲಿ ಎರಡು ಮೀಟರ್ ಕಡಿಮೆ ಮಾಡತಕ್ಕದ್ದು. ನನ್ನ ಲೆಕ್ಕವನ್ನು ವರದಿಯಲ್ಲಿ ಹಾಗೆಯೇ ಉದ್ಧರಿಸಿದ್ದಾರೆ, ಒಂದು ಅಂಕಿಯೂ ಬದಲಾಗಿಲ್ಲ.

ಗೆದ್ದೆ.

ಡಿಸೆಂಬರ್ 5, ಶುಕ್ರವಾರ

ಮಿಸೆಸ್ ಮಲ್ವಿಗೆ ಆದೇಶ ಬಂತು. ನಿವಾಸಿಯ ಸ್ವಂತ ಹೇಳಿಕೆಯ ಆಧಾರದ ಮೇಲೆ, ಜನವರಿ 9ರೊಳಗೆ ಕಟ್ಟಡ ತೆಗೆಯತಕ್ಕದ್ದು. ಕಚೇರಿಯ ಮೂರನೇ ಮಹಡಿಯವರು ಕಿಟಕಿಯನ್ನು ಉಳಿಸಿದ್ದಾರೆ, ನಾಲ್ಕನೇ ಮಹಡಿಯವರು ಅದರ ಗೋಡೆಯನ್ನು ತೆಗೆಸುತ್ತಿದ್ದಾರೆ. ಎರಡೂ ಕಾಗದದ ಮೇಲೆ ಒಂದೇ ಲಾಂಛನ.

ಕ್ವಿರ್ಕ್ ಮೇಲ್ಮನವಿ ಹಾಕುವುದಿಲ್ಲವಂತೆ. ಹಾಕಿದರೆ ಇನ್ನೂ ಎಷ್ಟು ತಿಂಗಳೋ, ಹೋಟೆಲಿನಲ್ಲಿ ಮಗು ಕೆಮ್ಮುತ್ತಿದೆ. ಸಿಕ್ಕಷ್ಟನ್ನೇ ಕಟ್ಟುತ್ತಾರೆ. ಇದನ್ನು ಮಿಸೆಸ್ ಮಲ್ವಿ ಹೇಳಲಿಲ್ಲ, ಅವರು ಈಗ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಾರೆ. ಕೌನ್ಸಿಲಿನ ಫೈಲಿಗೆ ಸೇರಿದ ಕ್ವಿರ್ಕ್ ಅವರ ಪತ್ರದಲ್ಲಿ ಓದಿದೆ.

ಡಿಸೆಂಬರ್ 19, ಶುಕ್ರವಾರ

ಪರೀಕ್ಷೆ ಮುಗಿಯಿತು. ಚೆನ್ನಾಗಿ ಮಾಡಿದೆ. ಕೋಣೆ ಖಾಲಿ ಮಾಡಿದೆ.

ಜನವರಿ 10, ಶನಿವಾರ

ಈಗ ತರಗತಿಯ ಗೆಳತಿಯೊಬ್ಬಳ ಅಕ್ಕನ ಮನೆಯ ಹಾಲ್‌ನಲ್ಲಿ, ಪರದೆಯ ಹಿಂದೆ ಮಲಗುತ್ತೇನೆ. ಇವತ್ತು ಉಳಿದಿದ್ದ ಪುಸ್ತಕದ ಪೆಟ್ಟಿಗೆ ತರಲು ಕಿಲ್ಬ್ರೆನ್ ರಸ್ತೆಗೆ ಹೋದೆ. ಮಿಸೆಸ್ ಮಲ್ವಿ ಅದನ್ನು ಹಿಂಬಾಗಿಲ ಹೊರಗೆ ಇಟ್ಟಿದ್ದರು, ಮೇಲೆ ಪ್ಲಾಸ್ಟಿಕ್ ಹೊದಿಸಿ. ಅವರು ಮನೆಯಲ್ಲಿರಲಿಲ್ಲ, ಅಥವಾ ಇಲ್ಲವೆಂದುಕೊಳ್ಳಬೇಕಿತ್ತು.

ಹಿತ್ತಲಿನಲ್ಲಿ ಕೋಣೆ ಇರಲಿಲ್ಲ. ಹಲಗೆಗಳನ್ನು ಬಿಚ್ಚಿ ಒಯ್ದಿದ್ದರು. ಕಾಂಕ್ರೀಟಿನ ಹಾಸು ಮಾತ್ರ ಉಳಿದಿತ್ತು, ಬಚ್ಚಲಿನ ಪೈಪಿನ ಬಾಯಿಗೆ ಬಟ್ಟೆ ತುರುಕಿದ್ದರು. ನಾನು ಮಂಚ ಇದ್ದ ಜಾಗದಲ್ಲಿ ಹೋಗಿ ನಿಂತೆ. ಅಷ್ಟು ಚಿಕ್ಕದಾಗಿತ್ತೇ?

ಗೋಡೆಯಾಚೆ ಪಾಯದ ಗುರುತಿಗೆ ಗೂಟ ನೆಟ್ಟು ದಾರ ಕಟ್ಟಿದ್ದರು. ಗ್ರೋನ್ಯ ಅಳತೆಯ ಟೇಪು ಹಿಡಿದಿದ್ದಳು, ಇನ್ನೊಂದು ತುದಿ ಕೀರಾಳ ಕೈಯಲ್ಲಿ. ನನ್ನನ್ನು ನೋಡಿ ಗ್ರೋನ್ಯ ಕೈ ಎತ್ತಲಿಲ್ಲ. ಟೇಪನ್ನು ಸುತ್ತಿ ಗೋಡೆಯ ಹತ್ತಿರ ಬಂದಳು.

"ಎರಡು ಮೀಟರ್ ಅಂದ್ರೆ ಎಷ್ಟು ಗೊತ್ತಾ ನಿಂಗೆ?" ಎಂದಳು. ಕೂಗಾಡಲಿಲ್ಲ, ಲೆಕ್ಕ ಕೇಳುವ ಹಾಗೆ ಕೇಳಿದಳು. "ಅವಳ ಮಂಚ, ಅವಳ ಬೀರು. ಅವಳಿಗೆ ಅಂತ ಒಂದು ಬಾಗಿಲು. ಈಗ ಇಬ್ಬರಿಗೂ ಸೇರಿ ಒಂದೇ ಕೋಣೆ. ಹೋಟೆಲಲ್ಲಿ ಇದ್ದ ಹಾಗೇನೇ."

ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದೆ. ಮೊದಲೆಲ್ಲ ಕಾರಣವಿಲ್ಲದೆಯೂ ಬರುತ್ತಿದ್ದ ಮಾತು. ಬಂದದ್ದು ಬೇರೆ.

"ನನ್ನ ಕಿಟಕಿ ಕತ್ತಲಾಗ್ತಿತ್ತು" ಎಂದೆ.

ಹುಡುಗಿ ಗೋಡೆಯ ಕಲ್ಲಿನ ಮೇಲೆ ಕಾಲಿಟ್ಟು ಹತ್ತಿ, ನನ್ನ ಹಿಂದೆ, ಎಡಕ್ಕೆ, ಬಲಕ್ಕೆ ಕತ್ತು ತಿರುಗಿಸಿ ನೋಡಿದಳು. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು.

"ಯಾವ ಕಿಟಕಿ?" ಎಂದಳು.

ನಾನು ಗಾಳಿಯಲ್ಲಿ ಜಾಗ ತೋರಿಸಿದೆ. ಅವಳು ಬೆರಳಿನ ದಿಕ್ಕಿಗೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡುತ್ತಲೇ ಇದ್ದಳು, ಅವಳಮ್ಮ ಸೊಂಟ ಹಿಡಿದು ಕೆಳಗಿಳಿಸುವವರೆಗೂ.